ಸುಮ್ಮನಿರದ ಎಡಗೈ

ಟಿಣ್.

ಸದ್ದು ಸಣ್ಣದೇ. ಚಮಚ ತಟ್ಟೆಗೆ ತಗುಲಿದರೂ ಇದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೆ ರಾತ್ರಿ ಹನ್ನೆರಡೂವರೆಗೆ, ಆಸ್ಪತ್ರೆಯ ಕ್ವಾರ್ಟರ್ಸಿನ ಆ ಎರಡು ಕೋಣೆಯ ಮನೆಯಲ್ಲಿ, ಫ್ರಿಜ್ಜು ಕೂಡ ಗುಂಯ್‌ಗುಡುವುದನ್ನು ನಿಲ್ಲಿಸಿದ್ದ ಹೊತ್ತಿನಲ್ಲಿ, ಅದು ಅವಳ ಹಲ್ಲಿನ ಬುಡಕ್ಕೆ ಬಂದು ತಾಗಿತು. ಸೂಜಿಯ ತುದಿ ಮತ್ತೆ ಸ್ಟೀಲ್ ಡಬ್ಬಿಯ ತಳ ಮುಟ್ಟಿತ್ತು.

ಹದಿನೇಳನೆಯ ಸಲ.

ಡಬ್ಬಿಯ ತುಂಬ ಗಟ್ಟಿಯಾದ ಜೆಲಟಿನ್. ಅದರ ನಡುಮಧ್ಯೆ ಅವಳೇ ಹೂತಿಟ್ಟ ದಪ್ಪ ದಾರದ ತುಂಡು. ದಾರ ಎಂದರೆ ನರ, ತಳದ ಸ್ಟೀಲು ಎಂದರೆ ಶ್ವಾಸಕೋಶ. ಅಭ್ಯಾಸಕ್ಕೆ ಹಾಗೆ ಅಂದುಕೊಳ್ಳಬೇಕು. ಸೂಜಿ ದಾರದ ಪಕ್ಕಕ್ಕೆ ಬಂದು ನಿಲ್ಲಬೇಕು, ದಾರವನ್ನು ಚುಚ್ಚಬಾರದು, ದಾಟಿಯೂ ಹೋಗಬಾರದು. ನಿಜವಾದ ಮನುಷ್ಯನ ಕತ್ತಿನ ಬುಡದಲ್ಲಿ ಸೂಜಿ ಇಷ್ಟು ಆಳಕ್ಕೆ ಹೋದರೆ ಟಿಣ್ ಎನ್ನುವುದಿಲ್ಲ. ಯಾವ ಸದ್ದೂ ಬರುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ರೋಗಿ ಕೆಮ್ಮುತ್ತಾನೆ, ಅಷ್ಟೆ.

ಅರಿವಳಿಕೆ ವಿಭಾಗದಲ್ಲಿ ಅವಳದು ಮೂರನೆಯ ವರ್ಷ, ಕೊನೆಯ ವರ್ಷ. ಇಡೀ ಮನುಷ್ಯನನ್ನು ಮಲಗಿಸಿ ಮತ್ತೆ ಎಬ್ಬಿಸುವುದರಲ್ಲಿ ಅವಳ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಆದರೆ ಸೋಮವಾರದಿಂದ ಶುರುವಾಗುವ ತಿಂಗಳು ಬೇರೆ ಬಗೆಯದು. ಅಲ್ಲಿ ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ, ಅವನ ಕೈಯನ್ನು ಮಾತ್ರ ಮಲಗಿಸಬೇಕು, ಇಲ್ಲವೆ ಕಾಲನ್ನು ಮಾತ್ರ. ಚರ್ಮದ ಮೇಲೆ ಸ್ಕ್ಯಾನ್ ಮೆಷಿನ್ನಿನ ಹಿಡಿಕೆ, ಅಂದರೆ ಪ್ರೋಬ್, ಇಟ್ಟು, ಸ್ಕ್ಯಾನಿನ ಪರದೆಯಲ್ಲಿ ನರ ಹುಡುಕಿ, ಸೂಜಿಯನ್ನು ಅದರ ಮಗ್ಗುಲಿಗೆ ತಂದು ಔಷಧಿ ಬಿಡಬೇಕು. ಮೂರು ವರ್ಷದಲ್ಲಿ ಇದಕ್ಕಿರುವುದು ಒಂದೇ ತಿಂಗಳು. ಈ ತಿಂಗಳು ಕೈತಪ್ಪಿದರೆ ಆಮೇಲೆ ಕಲಿಸುವವರಿಲ್ಲ. ಪುಸ್ತಕ ಓದಿ ಈಜು ಕಲಿತವಳ ಹಾಗೆ ಹೊರಗೆ ಹೋಗಬೇಕು.

ಅದು ಕೈತಪ್ಪುವ ಲಕ್ಷಣ ಶುಕ್ರವಾರವೇ ಕಂಡಿತ್ತು.

ಆ ತಿಂಗಳ ಯಜಮಾನರಿಗೆ ಹುಡುಗರು ಇಟ್ಟ ಹೆಸರು ಮಿಲಿಮೀಟರ್ ಸರ್. 'ಒಂದು ಮಿಲಿಮೀಟರ್ ಆ ಕಡೆ ಹೋದ್ರೆ ರಕ್ತನಾಳ, ಒಂದು ಮಿಲಿಮೀಟರ್ ಈ ಕಡೆ ಬಂದ್ರೆ ವ್ಯರ್ಥ' ಎಂದು ದಿನಕ್ಕೆ ಹತ್ತು ಸಲ ಹೇಳುವವರು. ಸೋಮವಾರದಿಂದ ಬರುವವಳ ಕೈ ಹೇಗಿದೆ ನೋಡೋಣ ಎಂದು ಅವರೇ ಕರೆಸಿದ್ದರು. ಅವರ ಕೋಣೆ ರೈಲಿನ ಬೋಗಿಯಷ್ಟು ಅಗಲ. ಒಂದು ಮಂಚ, ಮಂಚದ ಒಂದು ಪಕ್ಕಕ್ಕೆ ಗೋಡೆಗೆ ಬಿಗಿದ ಸ್ಕ್ಯಾನ್ ಮೆಷಿನ್ನು, ಇನ್ನೊಂದು ಪಕ್ಕದಲ್ಲಿ ಆಕ್ಸಿಜನ್ ಕೊಳವೆಗಳು. ಮೆಷಿನ್ನು ಕದಲುವುದಿಲ್ಲ, ಅದರ ವಯರು ಮಂಚ ದಾಟುವುದಿಲ್ಲ. ನಿಲ್ಲುವುದಕ್ಕೆ ಇರುವುದು ಒಂದೇ ಜಾಗ. ಅಲ್ಲಿ ನಿಂತು ಬಲಗೈಯಲ್ಲಿ ಸೂಜಿ ಹಿಡಿದರೆ ಪರದೆ ಕಣ್ಣೆದುರಿಗೆ. ಎಡಗೈಯಲ್ಲಿ ಹಿಡಿದರೆ ಮೈ ತಿರುಗಿಸಬೇಕು, ಪರದೆ ಬೆನ್ನಿಗೆ.

ಅವಳು ಎಡಗೈಯಲ್ಲಿ ಹಿಡಿದಿದ್ದಳು.

"ಏನಮ್ಮ, ಸೂಜಿ ಯಾವ ಕೈಲಿದೆ?"

"ಎಡಗೈ ಸರ್. ಬರೆಯೋದು ಬಲಗೈ. ಸೂಕ್ಷ್ಮದ ಕೆಲಸ ಎಲ್ಲ ಎಡಗೈ."

"ಮತ್ತೆ ಪರದೆ ನೋಡೋರು ಯಾರು, ನಿನ್ನ ಜಡೆಯಾ?"

ಮೂಲೆಯಲ್ಲಿ ಟ್ರೇ ಜೋಡಿಸುತ್ತಿದ್ದ ಟೆಕ್ನಿಷಿಯನ್ ಅಣ್ಣ ಕೆಮ್ಮಿದ. ಇಪ್ಪತ್ತು ವರ್ಷದಿಂದ ಆ ಕೋಣೆಯಲ್ಲಿರುವ ಅವನ ಕೆಮ್ಮು ಅಂದರೆ ನಗು ಎಂದು ಎಲ್ಲರಿಗೂ ಗೊತ್ತು. ಅವಳು ಸೂಜಿಯನ್ನು ಬಲಗೈಗೆ ಬದಲಾಯಿಸಿದಳು. ಪರದೆಯ ಮೇಲಿದ್ದ ಸೂಜಿ ಮಾಯವಾಯಿತು. ಹುಡುಕಿದಷ್ಟೂ ಸಿಗಲಿಲ್ಲ. ಅಭ್ಯಾಸಕ್ಕಿಟ್ಟ ರಬ್ಬರ್ ತುಂಡಿನಲ್ಲಿ ಅವಳ ಸೂಜಿ ಎಲ್ಲೆಲ್ಲೋ ಹೋಗಿ ಹೊರಗೇ ಬಂತು.

"ಸೋಮವಾರ ಎಂಟು ಗಂಟೆ," ಎಂದರು ಸರ್. ಬೈಯಲಿಲ್ಲ, ಅದೇ ಕಷ್ಟ. "ಮೂರು ಸಲ ಮಾಡಿ ತೋರಿಸು. ತುದಿ ಪರದೆಯಿಂದ ತಪ್ಪಬಾರದು. ಆಯ್ತೋ, ತಿಂಗಳು ಪೂರ್ತಿ ಸೂಜಿ ನಿಂದು. ಇಲ್ವೋ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು, ಹೊದಿಕೆ ಹೊದಿಸ್ಕೊಂಡು, ನಿಂತು ನೋಡ್ತಾ ಇರು. ರೋಗಿಯ ಮೈ ನಿನ್ನ ಪಾಟಿ ಅಲ್ಲ."

ಮಂಚವನ್ನೇ ತಿರುಗಿಸಿ ಹಾಕಬಹುದಲ್ಲ ಸರ್ ಎಂಬ ವಾಕ್ಯ ಅವಳ ಬಾಯಿಯವರೆಗೆ ಬಂದಿತ್ತು. 'ತಿರುಗಿಸಬಹುದಲ್ಲ' ಅಂದರೆ ಆಕ್ಷೇಪಣೆ, 'ತಿರುಗಿಸಿದರೆ ಹೇಗೆ' ಅಂದರೆ ಸಲಹೆ, ಯಾವುದು ಮೇಲು ಎಂದು ತೂಗಿ ನೋಡುವಷ್ಟರಲ್ಲಿ ಅವರು ಕೋಣೆಯಲ್ಲಿರಲಿಲ್ಲ. ಅವಳ ಹಣೆಬರಹವೇ ಅಷ್ಟು. ಮಾತು ಇಸ್ತ್ರಿಯಾಗುವ ಹೊತ್ತಿಗೆ ಉಡುವ ಸಮಯ ದಾಟಿರುತ್ತದೆ.

ಟೆಕ್ನಿಷಿಯನ್ ಅಣ್ಣನೇ ಬೀರು ತೆಗೆದು, ಮೊಬೈಲಿಗೆ ಸಿಕ್ಕಿಸುವ ಹಳೆಯ ಪ್ರೋಬ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ. "ಸೋಮವಾರ ಏಳೂವರೆಗೆ ವಾಪಸ್ ಬರ್ಬೇಕು ಮೇಡಂ. ಕೆಳಗೆ ಬಿದ್ರೆ ನನ್ನ ತಲೆ, ನಿಮ್ಮ ತಲೆ, ಎರಡೂ ಜೊತೇಲೇ ಹೋಗೋದು."

ಟಿಣ್.

"ಏನೇ ಅದು, ಆಗಲಿಂದ?"

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವಳು, ತೆಗೆಸಿ ವಾರವಾಗಿತ್ತು. ನಡುರಾತ್ರಿಯಲ್ಲೂ ಕಪ್ಪು ಕನ್ನಡಕ ಹಾಕಿಕೊಂಡೇ ಓಡಾಡುತ್ತಿದ್ದಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಕಣ್ಣೇ ನನ್ನ ಬಂಡವಾಳ ಎನ್ನುವವಳು.

"ನಾಳೆ... ನಾಡಿದ್ದು ಪರೀಕ್ಷೆ ಇದೆ ಅಮ್ಮ."

"ಯಾರಿಗೆ, ನನ್ನ ಡಬ್ಬಿಗಾ? ಒಳ್ಳೇ ಡಬ್ಬಿಗೆ ಲೋಳೆ ತುಂಬಿಟ್ಟಿದೀಯ. ತಿನ್ನೋದಕ್ಕೂ ಬರಲ್ಲ, ಚೆಲ್ಲೋದಕ್ಕೂ ಬಿಡಲ್ಲ." ಅಮ್ಮ ಹತ್ತಿರ ಬಂದು ಬಗ್ಗಿದಳು. "ಸೂಜಿ ಬಲಗೈಲಿ ಹಿಡಿದಿದೀಯ."

"ಹೂಂ."

"ನೀನಾ?"

"ಕೋಣೆ ಬಲಗೈಯವರಿಗೆ ಮಾಡಿರೋದು. ಮೆಷಿನ್ನು ಆ ಕಡೆ ಇದೆ, ಮಂಚ ಈ ಕಡೆ..."

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅಮ್ಮ ನೀರು ಕುಡಿದು ಹೋದಳು.

ಅವಳು ಸೂಜಿ ಕೆಳಗಿಟ್ಟಳು. ಸಿಟ್ಟು ಬಂದದ್ದು ಗಾದೆಗಲ್ಲ, ಗಾದೆ ಹೇಳಿದ ಬಾಯಿಗೆ. ಆ ಬಲಗೈ ಅಮ್ಮನೇ ಮಾಡಿಕೊಟ್ಟದ್ದು. ನಾಲ್ಕು ವರ್ಷದವಳಿದ್ದಾಗ ಅವಳು ಅಪ್ಪಟ ಎಡಚಿ. ಊಟಕ್ಕೆ, ಬಳಪಕ್ಕೆ, ಬಾಗಿಲಿನ ಚಿಲಕಕ್ಕೆ ಎಲ್ಲದಕ್ಕೂ ಎಡಗೈಯೇ ಮುಂದೆ ಬರುತ್ತಿತ್ತು. ಒಂದು ದಿನ ಅಮ್ಮ ಹೊಲಿಗೆ ಮೂಟೆಯಿಂದ ಕೆಂಪು ಅಂಚಿನ ಪಟ್ಟಿಯೊಂದನ್ನು ಹರಿದು ಆ ಕೈಯನ್ನು ಸೊಂಟಕ್ಕೆ ಕಟ್ಟಿದಳು. ಒಂದು ದಿನವಲ್ಲ, ಆರು ತಿಂಗಳು. ಬರೆಯುವಾಗ ಒಂದು ಸಲ, ಉಣ್ಣುವಾಗ ಒಂದು ಸಲ. ನೆಂಟರು ಬಂದರೆ ಇನ್ನೂ ಬಿಗಿಯಾಗಿ. ನೆಂಟರ ಎದುರಿಗೆ ನಾಚಿಕೆಯಾಗಿ ಕಟ್ಟಿದಳು ಎಂದೇ ಅವಳು ತಿಳಿದಿದ್ದಳು. ಈ ಬಗ್ಗೆ ಅಮ್ಮನ ಹತ್ತಿರ ಎಂದೂ ಕೇಳಿರಲಿಲ್ಲ. ಪ್ರಶ್ನೆ ಮಾತ್ರ ಇಪ್ಪತ್ತೈದು ವರ್ಷದಿಂದ ಇಸ್ತ್ರಿಯಾಗುತ್ತಲೇ ಇತ್ತು.

ಪರಿಣಾಮ ಏನಾಯಿತು? ಅತ್ತ ಪೂರ್ತಿ ಬಲವೂ ಇಲ್ಲ, ಇತ್ತ ಪೂರ್ತಿ ಎಡವೂ ಇಲ್ಲ. ಬರೆಯಲು ಒಂದು ಕೈ, ಹೆಣೆಯಲು ಒಂದು ಕೈ. ಏನು ಕೆಟ್ಟರೂ ಮನೆಯಲ್ಲಿ 'ಎಡವಟ್ಟು ಬಂದಳು' ಎನ್ನುತ್ತಿದ್ದರು. ಆ ಪದದ ಮೊದಲರ್ಧ ತನ್ನದೇ ಕೈ ಎಂದು ಅವಳಿಗೆ ಹೊಳೆದದ್ದು ಕಾಲೇಜಿನಲ್ಲಿ, ಯಾವುದೋ ಪಾಠದ ನಡುವೆ. ಆ ದಿನ ಅವಳಿಗೆ ನಗು ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆಯಿಂದ ಮತ್ತೆ ಅದೇ. ಹೊಸ ಜೆಲಟಿನ್ ಕಾಯಿಸಿ, ಆರಿಸಿ, ಹೊಸ ದಾರ ಹೂತು, ಮೊಬೈಲನ್ನು ನೀರಿನ ಲೋಟಕ್ಕೆ ಒರಗಿಸಿ ಕೂತಳು. ಎಡಗೈಯಲ್ಲಿ ಪ್ರೋಬ್, ಬಲಗೈಯಲ್ಲಿ ಸೂಜಿ. ಬೂದುಬಣ್ಣದ ಪರದೆಯಲ್ಲಿ ಸೂಜಿ ಬಿಳಿಯ ಗೆರೆಯಾಗಿ ಕಾಣಬೇಕು. ಕಾಣುತ್ತಿತ್ತು, ಎರಡು ಉಸಿರಿನಷ್ಟು ಹೊತ್ತು. ಆಮೇಲೆ ಇಲ್ಲ. ಪ್ರೋಬಿನ ನೋಟ ಕಾಗದದಷ್ಟು ತೆಳು. ಸೂಜಿ ಆ ಕಾಗದದ ಮೇಲೇ ನಡೆಯಬೇಕು, ಕೂದಲೆಳೆಯಷ್ಟು ಸರಿದರೂ ಕತ್ತಲೆ.

ಎಲ್ಲಿ ತಪ್ಪುತ್ತಿದೆ ಎಂದು ಅವಳು ಸಂಜೆಯವರೆಗೂ ನೋಡಿದಳು. ನೋಡುವುದರಲ್ಲಿ ಅವಳು ಜಾಣೆ, ಮಾಡುವುದರಲ್ಲೇ ತೊಡಕು. ಬಲಗೈ ಪೆದ್ದು, ನಿಜ. ಆದರೆ ಪೆದ್ದು ನಿಧಾನವಾಗಿ ನೇರಕ್ಕೇ ಹೋಗುತ್ತಿತ್ತು. ಸೂಜಿ ಒಂದಿಷ್ಟು ಮಸುಕಾದ ಕೂಡಲೇ ಎಡಗೈ ಸುಮ್ಮನಿರುತ್ತಿರಲಿಲ್ಲ. ಯಾರೂ ಕರೆಯದೆಯೇ ಪ್ರೋಬನ್ನು ಓರೆ ಮಾಡಿ ಹುಡುಕಲು ಹೊರಡುತ್ತಿತ್ತು. ಅದು ಆ ಕಡೆ ಹೋಗುವಷ್ಟರಲ್ಲಿ ಬಲಗೈ ಗಾಬರಿಯಾಗಿ ಈ ಕಡೆ ಬರುತ್ತಿತ್ತು. ಸಂತೆಯಲ್ಲಿ ತಪ್ಪಿಸಿಕೊಂಡ ಇಬ್ಬರು, ಒಬ್ಬರು ನಿಂತಿದ್ದ ಜಾಗಕ್ಕೆ ಇನ್ನೊಬ್ಬರು ಓಡಿ ಓಡಿ ಸುಸ್ತಾದ ಹಾಗೆ. ಒಬ್ಬರಾದರೂ ನಿಂತಲ್ಲೇ ನಿಂತಿದ್ದರೆ ಸಿಕ್ಕಿಬಿಡುತ್ತಿದ್ದರು.

ಹೇಳಿ ನೋಡಿದಳು. 'ಅಲ್ಲಾಡಬೇಡ' ಎಂದು ಬಾಯಿಬಿಟ್ಟೇ ಹೇಳಿದಳು. ಎಡಗೈಯ ಮೊಣಕೈಯನ್ನು ಮೇಜಿಗೆ ಒತ್ತಿದಳು. ಕೈಯ ಮೇಲೆ ಅರಿವಳಿಕೆಯ ದಪ್ಪ ಪುಸ್ತಕವನ್ನೇ ಹೇರಿದಳು. ಪುಸ್ತಕ ಜಾರಿ ಡಬ್ಬಿಗೆ ಬಿದ್ದು, ಒಂದು ಅಧ್ಯಾಯದ ತುಂಬ ಜೆಲಟಿನ್ ಮೆತ್ತಿಕೊಂಡಿತು. ಆ ಕೈ ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ. ಎಲ್ಲ ಒಳ್ಳೆಯ ಕೆಲಸವನ್ನೂ ತಾನೇ ಮಾಡಿ ರೂಢಿಯಾದದ್ದಕ್ಕೆ ಹಿಡಿದುಕೊಂಡು ನಿಲ್ಲುವ ಚಾಕರಿ ಒಗ್ಗುತ್ತಿರಲಿಲ್ಲ.

ರಾತ್ರಿ ಹತ್ತಕ್ಕೆ ಅಮ್ಮ ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದಳು. ಹನ್ನೊಂದಕ್ಕೆ ಅವಳು ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ಅದನ್ನೇ ನೋಡುತ್ತ ಕೂತಳು. ಈ ಕೈಯನ್ನು ಕಟ್ಟಿಹಾಕಬೇಕು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮೈ ಬಿಸಿಯಾಯಿತು. ಕಟ್ಟಿದರೂ ಬೆರಳು ಅಲ್ಲಾಡುತ್ತದೆ. ಕಟ್ಟುವುದಲ್ಲ, ಮಲಗಿಸಬೇಕು.

ಚೀಲದ ಒಳಜೇಬಿನಲ್ಲಿ, ತುರ್ತು ವಿಭಾಗದ ಡ್ಯೂಟಿಯಿಂದ ಮರೆತು ಉಳಿದಿದ್ದ ಮರಗಟ್ಟಿಸುವ ಔಷಧಿಯ ಸಣ್ಣ ಸೀಸೆ ಇತ್ತು. ಮುಚ್ಚಳ ಬಿಚ್ಚಿರಲಿಲ್ಲ. ವಾಪಸ್ ಕೊಡಬೇಕು ಎಂದು ನಾಲ್ಕು ದಿನದಿಂದ ಅಂದುಕೊಳ್ಳುತ್ತಿದ್ದಳು.

ಇದು ಎಂಥ ಹುಚ್ಚು ಎಂದು ಅವಳಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಒಬ್ಬರೇ ಇದ್ದಾಗ ಮುಟ್ಟಬಾರದು, ರಕ್ತನಾಳಕ್ಕೆ ಹೋದರೆ ಹಿಡಿಯುವವರಿಲ್ಲ, ನಾಡಿ ನೋಡುವ ಯಂತ್ರವಿಲ್ಲ, ಪಕ್ಕದ ಕೋಣೆಯಲ್ಲಿರುವುದು ಒಂದು ಕಣ್ಣಿನ ಅಮ್ಮ. ಇದೇ ಮಾತನ್ನು ಅವಳು ಮೊದಲ ವರ್ಷದವರಿಗೆ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಒಂದು ವಾರ ಅವರ ಮುಖ ನೋಡುತ್ತಿರಲಿಲ್ಲ. ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪೆನ್ನು ತೆಗೆದುಕೊಂಡು ಮಣಿಕಟ್ಟಿನ ಮೇಲೆ ಎರಡು ಚುಕ್ಕಿ ಇಟ್ಟಳು, ನಡುವಿನ ನರಕ್ಕೆ ಒಂದು, ಕಿರುಬೆರಳ ಕಡೆಯ ನರಕ್ಕೆ ಒಂದು. ಪ್ರೋಬ್ ಹಿಡಿಯಲು ಮೂರನೆಯ ಕೈ ಇರಲಿಲ್ಲವಾದ್ದರಿಂದ ಮೆಷಿನ್ನು ಹುಟ್ಟುವುದಕ್ಕೆ ಮೊದಲಿನವರು ಮಾಡುತ್ತಿದ್ದಂತೆ, ಕಣ್ಣಂದಾಜಿನಲ್ಲೇ ಮಾಡಬೇಕಿತ್ತು.

ಬಲಗೈ ಸೂಜಿ ಹಿಡಿಯಿತು. ಮನುಷ್ಯನ ಮೈಯಲ್ಲಿ ಅದರ ಮೊದಲ ಕೆಲಸ.

ಮೊದಲನೆಯದು ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಕಿರುಬೆರಳಿಗೆ ಫಕ್ಕನೆ ಮಿಂಚು ಹೊಡೆದಂತಾಯಿತು. ನರಕ್ಕೇ ತಗುಲಿತ್ತು. ಅವಳು ಉಸಿರು ಹಿಡಿದು ಸೂಜಿಯನ್ನು ಎಳೆಯಷ್ಟು ಹಿಂದಕ್ಕೆ ತಂದು, ಸ್ವಲ್ಪ ಸ್ವಲ್ಪವೇ ಔಷಧಿ ಬಿಟ್ಟಳು. ಆಮೇಲೆ ಗಡಿಯಾರ ನೋಡುತ್ತ ಕೂತಳು. ಔಷಧಿ ರಕ್ತಕ್ಕೆ ಸೇರಿತೆ, ನಾಲಿಗೆ ದಪ್ಪವಾಯಿತೆ, ಕಿವಿ ಗುಂಯ್ ಎಂದಿತೆ, ಎದೆ ತಪ್ಪಿ ಬಡಿಯಿತೆ ಎಂದು ತನ್ನ ಮೈಯನ್ನೇ ಕಾವಲು ಕಾದಳು. ಏನೂ ಆಗಲಿಲ್ಲ. ಹತ್ತು ನಿಮಿಷದ ಮೇಲೆ ಎಡಗೈ ಅವಳದಾಗಿ ಉಳಿಯಲಿಲ್ಲ. ಮೇಜಿನ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನ ಹಾಗೆ ಬಿದ್ದಿತ್ತು, ಬೆಚ್ಚಗೆ, ಭಾರವಾಗಿ.

ಆ ಕೈಗೆ ಪ್ರೋಬನ್ನು ಬ್ಯಾಂಡೇಜಿನಿಂದ ಸುತ್ತಿ ಡಬ್ಬಿಯ ಮೇಲೆ ಇಟ್ಟಳು. ಇಟ್ಟದ್ದು ಇಟ್ಟಂತೆಯೇ ಇತ್ತು. ಸೂಜಿ ಹಾಕಿದಳು. ಬಿಳಿಯ ಗೆರೆ ಬಂತು. ಮಸುಕಾಯಿತು. ಹುಡುಕಲು ಯಾರೂ ಹೊರಡಲಿಲ್ಲ. ಬಲಗೈ ತಾನೇ ತಡವರಿಸಿ, ಹಿಂದೆ ಬಂದು, ಮತ್ತೆ ಒಳಗೆ ಹೋಗಿ ಗೆರೆಯನ್ನು ಹಿಡಿದುಕೊಂಡಿತು. ದಾರದ ಪಕ್ಕಕ್ಕೆ ಹೋಗಿ ನಿಂತಿತು.

ಇನ್ನೊಂದು ಸಲ. ಇನ್ನೊಂದು. ಹನ್ನೆರಡರಲ್ಲಿ ಹನ್ನೊಂದು ಸರಿಯಾಯಿತು. ಡಬ್ಬಿ ಒಂದೇ ಸಲ ಸದ್ದು ಮಾಡಿತು. ಅವಳಿಗೆ ಖುಷಿಗಿಂತ ಮೊದಲು ಬಂದದ್ದು ಸಿಟ್ಟು. ಎರಡು ದಿನ ಪಾಪದ ಬಲಗೈಯನ್ನು ಬೈದದ್ದು, ಕಳ್ಳನ ಪಕ್ಕದಲ್ಲೇ ಕೂತು ಊರೆಲ್ಲ ಕಳ್ಳನನ್ನು ಹುಡುಕಿದಂತೆ.

"ಕೈಗೆ ಏನಾಯ್ತೇ?"

ಸದ್ದು ಕೇಳಿ ಅಮ್ಮ ಎದ್ದು ಬಂದಿದ್ದಳು. ಅವಳು ಪ್ರೋಬ್ ಬಿಚ್ಚಿ ಪಕ್ಕಕ್ಕಿಟ್ಟು, ಸೀಸೆಯನ್ನು ಪುಸ್ತಕದ ಹಿಂದೆ ಸರಿಸಿದಳು.

"ಉಳುಕಿದೆ ಅಮ್ಮ. ಏನಿಲ್ಲ."

"ಯಾವ ಕೈ, ನಿನ್ನ ಮುದ್ದಿನ ಕೈಯಾ? ಕೊಡು ಇಲ್ಲಿ."

ಬೇಡ ಎನ್ನುವಷ್ಟರಲ್ಲಿ ಅಮ್ಮ ಪಕ್ಕದ ಕುರ್ಚಿ ಎಳೆದು ಕೂತು, ಆ ಕೈಯನ್ನು ತನ್ನ ಮಡಿಲಿಗೆ ಎತ್ತಿಕೊಂಡಿದ್ದಳು. ಉಳಿದ ಬ್ಯಾಂಡೇಜ್ ಬಿಚ್ಚಿದಳು. "ಬಿಸಿಯಾಗಿದೆ ನೋಡು. ಕೈಗೇ ಜ್ವರ ಬಂದ ಹಾಗಿದೆ. ಒತ್ತಿದ್ರೆ ನೋವಾ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲೂ ಇಲ್ವಾ? ಮತ್ತೆ ಉಳುಕಿದೆ ಅಂದೆ."

"ಅಲ್ಲೇ, ಅಲ್ಲೇ ನೋವು," ಎಂದಳು, ಒಂದು ಗಳಿಗೆ ತಡವಾಗಿ.

ಅಮ್ಮ ನೀವತೊಡಗಿದಳು. ಬೆರಳಿಗೆ ಬೆರಳು ಹಾಕಿ, ಅಂಗೈಯ ನಡುವಿನಿಂದ ತುದಿಯವರೆಗೆ, ಮಡಿಕೆಯಾದ ಬಟ್ಟೆಯನ್ನು ಸರಿಪಡಿಸುವ ಹಾಗೆ. ಅಮ್ಮ ಅಷ್ಟು ಹೊತ್ತು ಅವಳ ಕೈ ಹಿಡಿದದ್ದು ಯಾವಾಗಲೋ ಅವಳಿಗೆ ನೆನಪಿರಲಿಲ್ಲ. ಎದುರು ಮನೆಯ ಕಿಟಕಿಯೊಳಗೆ ಯಾರಿಗೋ ಯಾರೋ ತಲೆ ಬಾಚುವುದನ್ನು ನೋಡುವಂತೆ ಅವಳು ನೋಡುತ್ತಿದ್ದಳು. ಅಮ್ಮನ ಹೆಬ್ಬೆರಳು ಓಡಾಡುತ್ತಿತ್ತು, ಇತ್ತ ಏನೂ ತಲುಪುತ್ತಿರಲಿಲ್ಲ.

"ಈ ಗಾಯ ಇನ್ನೂ ಇದೆ," ಎಂದು ಅಮ್ಮ ತೋರುಬೆರಳನ್ನು ಕನ್ನಡಕದ ಹತ್ತಿರ ತಂದುಕೊಂಡಳು. "ನಿಂಗೆ ನೆನಪಿರಲ್ಲ. ನನ್ನ ದೊಡ್ಡ ಕತ್ತರಿ ಎತ್ಕೊಂಡಿದ್ದೆ. ಕತ್ತರಿ ಬಲಗೈಗೆ ಮಾಡಿರ್ತಾರೆ ಕಣೇ, ಎಡಗೈಲಿ ಹಿಡಿದ್ರೆ ಎಲ್ಲಿ ಕತ್ತರಿಸ್ತಿದೀವಿ ಅಂತ ಕಾಣಲ್ಲ. ಕೈ ಜಾರಿ, ಹಿಡಿದಿದ್ದ ಬೆರಳೇ ಅಲಗಿಗೆ ಸಿಕ್ತು. ರಕ್ತ ಬಟ್ಟೆ ಪೂರ್ತಿ ಆಯ್ತು. ಅವತ್ತೇ ಕಟ್ಟಿದ್ದು ನಾನು."

"ನೆಂಟರಿಗೆ ನಾಚಿಕೊಂಡು ಕಟ್ಟಿದೆ ಅಂತ ನಾನು ಅಂದ್ಕೊಂಡಿದ್ದೆ."

"ಯಾವ ನೆಂಟರು? ನಾಚಿಕೊಂಡು ಕೂರೋಕೆ ನಂಗೆ ಪುರುಸೊತ್ತೆಲ್ಲಿತ್ತು? ನೆಂಟರು ಬಂದ್ರೆ ನಾನು ಒಲೆ ಮುಂದೆ, ಕತ್ತರಿ ಮುಂದೆ ನೀನು ಒಬ್ಬಳೇ. ಅದಕ್ಕೇ ಅವತ್ತು ಬಿಗಿಯಾಗಿ ಕಟ್ತಿದ್ದೆ." ಅಮ್ಮ ಆ ಬೆರಳನ್ನೇ ಮೆಲ್ಲಗೆ ಒತ್ತುತ್ತ ಹೇಳಿದಳು. "ಕತ್ತರೀನ ಮೇಲಿಡಬಹುದಿತ್ತು. ಆಮೇಲೆ ಹೊಳೀತು. ಕೈ ಕಟ್ಟಿದೆ, ಪಾಪದ್ದು."

ಇದನ್ನು ಕೇಳಲು ಅವಳು ಇಪ್ಪತ್ತೈದು ವರ್ಷ ಕಾದಿದ್ದಳು. ಕಿವಿಗೆ ಕೇಳಿತು. ಆದರೆ ಅಮ್ಮ ಹೇಳಿದ್ದು ಕಿವಿಗಲ್ಲ, ಆ ಕೈಗೆ. ಕೈ ಆಗ ಮನೆಯಲ್ಲಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಬರೀ ದುಃಖವಲ್ಲ ಅದು, ಮುಕ್ಕಾಲು ಪಾಲು ಕಿರಿಕಿರಿ. ಇನ್ನೊಂದು ರಾತ್ರಿ ಹೇಳಬಾರದಿತ್ತೆ? ನಿನ್ನೆ ಹೇಳಬಾರದಿತ್ತೆ?

"ಅಷ್ಟು ನೋವಾ?" ಎಂದಳು ಅಮ್ಮ.

"ಹೂಂ."

ಬೆಳಿಗ್ಗೆ ಎದ್ದಾಗ ಕೈ ಹಿಂದಿರುಗಿತ್ತು. ಆದರೆ ಕಿರುಬೆರಳಿನ ಹೊರ ಅಂಚು ಪೂರ್ತಿ ಬಂದಿರಲಿಲ್ಲ. ಅದರ ಮೇಲೆ ಯಾರೋ ತೆಳುವಾದ ಬಟ್ಟೆ ಹೊದಿಸಿದಂತಿತ್ತು. ಅವಳು ಉಗುರಿನಿಂದ ಗೀರಿದಳು, ತಣ್ಣನೆಯ ನಲ್ಲಿಗೆ ಹಿಡಿದಳು, ಬಾಚಣಿಗೆಯ ಹಲ್ಲಿನಿಂದ ಚುಚ್ಚಿದಳು. ತಗುಲಿದ ನರ ಸುಧಾರಿಸಲು ಕೆಲವು ದಿನ ಬೇಕಾಗಬಹುದು. ಕೆಲವಕ್ಕೆ ವಾರಗಳು. ಒಂದೊಂದಕ್ಕೆ... ಆ ವಾಕ್ಯವನ್ನು ಅವಳು ಮುಗಿಸಲಿಲ್ಲ.

ಎಂಟು ಗಂಟೆಗೆ ಮಿಲಿಮೀಟರ್ ಸರ್ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು. ಮೊದಲ ಸಲ ಸೂಜಿ ನಡುದಾರಿಯಲ್ಲೇ ಮಸುಕಾಯಿತು. ಎಡಗೈ ಒಳಗೊಳಗೇ ಚಡಪಡಿಸಿತು, ಹೋಗಲೇ ಎಂದಿತು. ಅವಳು ರಾತ್ರಿಯ ಆ ಭಾರವನ್ನು ನೆನೆದು, ಅದು ತನ್ನದಲ್ಲ, ಯಾರೋ ಬಿಟ್ಟುಹೋದದ್ದು ಎಂದುಕೊಂಡಳು. ಕೈ ನಿಂತಿತು. ಬಲಗೈ ಹೋಗಿ ಗೆರೆಯನ್ನು ಹಿಡಿದು ತಂದಿತು. ಎರಡನೆಯದು ನೇರವಾಗಿ ಹೋಯಿತು. ಮೂರನೆಯದು ಗುರಿಗಿಂತ ತುಸು ಆಳಕ್ಕೆ ಹೋಗಿ ನಿಂತಿತು, ಆದರೆ ತುದಿ ಕೊನೆಯವರೆಗೂ ಕಾಣುತ್ತಲೇ ಇತ್ತು.

"ಒಂದು ಮಿಲಿಮೀಟರ್ ಜಾಸ್ತಿ," ಎಂದರು ಸರ್. "ಪರವಾಗಿಲ್ಲ. ಸೂಜಿ ನಿಂದು. ನನ್ನ ಕಣ್ಣೆದುರಿಗೆ ಮಾತ್ರ." ಬಾಗಿಲ ಹತ್ತಿರ ಹೋಗಿ ತಿರುಗಿದರು. "ಶುಕ್ರವಾರ ಎರಡೂ ಕೈ ಜಗಳ ಆಡ್ತಿದ್ವು. ಯಾರು ರಾಜಿ ಮಾಡಿಸಿದ್ದು?"

"ಅಭ್ಯಾಸ ಸರ್."

"ಒಳ್ಳೇದು. ಅಂದ ಹಾಗೆ, ಹದಿನೈದು ದಿನದಲ್ಲಿ ಹೊಸ ಮೆಷಿನ್ ಬರುತ್ತೆ. ಚಕ್ರ ಇರೋದು. ಎಲ್ಲಿ ಬೇಕಾದ್ರೂ ತಳ್ಳಿಕೋಬಹುದು. ಆಮೇಲೆ ಎಡಗೈಲೇ ಮಾಡು, ನಂದೇನೂ ಅಭ್ಯಂತರ ಇಲ್ಲ."

ಅವರು ಹೋದರು. ಅವಳು ಕೈಯಲ್ಲಿದ್ದ ಸೂಜಿಯನ್ನು ಬಹಳ ಜೋಪಾನವಾಗಿ ಟ್ರೇನಲ್ಲಿಟ್ಟಳು. ಜೋಪಾನ ಮಾಡದಿದ್ದರೆ ಗೋಡೆಗೆ ಎಸೆಯುತ್ತಿದ್ದಳು.

"ಮೊನ್ನೇನೇ ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದಳು ಟೆಕ್ನಿಷಿಯನ್ ಅಣ್ಣನಿಗೆ.

"ಆರು ವರ್ಷದಿಂದ ಹದಿನೈದು ದಿನದಲ್ಲೇ ಬರ್ತಾ ಇದೆ ಮೇಡಂ ಆ ಮೆಷಿನ್ನು. ತಲೆ ಕೆಡಿಸ್ಕೋಬೇಡಿ." ಅವನು ಬೆಳಿಗ್ಗೆ ಅವಳು ಹಿಂದಿರುಗಿಸಿದ್ದ ಪ್ರೋಬನ್ನು ಒರೆಸುತ್ತಿದ್ದವನು ಕೈ ನಿಲ್ಲಿಸಿದ. "ಮಣಿಕಟ್ಟಿನ ಮೇಲೆ ಏನದು?"

ಅವಳು ತೋಳು ಎಳೆದುಕೊಂಡಳು. "ಪೆನ್ನು ಸೋರ್ತು ಅಣ್ಣ."

"ಬುದ್ಧಿ ಇರೋ ಪೆನ್ನು. ಸರಿಯಾಗಿ ಎರಡು ನರದ ಮೇಲೇ ಸೋರಿದೆ." ಅವನು ನಗಲಿಲ್ಲ, ಕೆಮ್ಮಲೂ ಇಲ್ಲ. ಸ್ಪಿರಿಟ್ ಹತ್ತಿಯನ್ನು ಅವಳ ಮುಂದಿಟ್ಟು, ಬೆನ್ನು ತಿರುಗಿಸಿಕೊಂಡು ಬೀರುವಿನ ಕೆಲಸಕ್ಕೆ ಹೋದ.

ಬಟ್ಟೆ ಬದಲಾಯಿಸುವ ಕೋಣೆಯ ನಲ್ಲಿಯ ಮುಂದೆ ನಿಂತು ಅವಳು ಚುಕ್ಕಿಗಳನ್ನು ಉಜ್ಜಿದಳು. ಶಾಯಿ ಹೋಯಿತು, ಸೂಜಿ ಹೋದ ಕಡೆ ಕಾಳಿನಷ್ಟು ನೀಲಿ ಉಳಿಯಿತು. ಯಾರಿಗಾದರೂ ಹೇಳಿ ಹಗುರಾಗಬೇಕು ಎನ್ನಿಸುತ್ತಿತ್ತು. ಜೊತೆಯವರಿಗೆ ಹೇಳಿದರೆ ಕ್ಯಾಂಟೀನಿನಲ್ಲಿ ಅದು ಒಳ್ಳೆಯ ನಗೆ ಕತೆಯಾಗುತ್ತದೆ, ಸಂಜೆಯೊಳಗೆ ಮೊದಲ ವರ್ಷದವರ ಕಿವಿಗೆ ಬೀಳುತ್ತದೆ. ಮುಂದಿನ ವರ್ಷ ಅವರಲ್ಲೊಬ್ಬರು ಹಾಸ್ಟೆಲ್ಲಿನ ಚಿಲಕ ಹಾಕಿಕೊಂಡು, ಇದಕ್ಕಿಂತ ದೊಡ್ಡ ಸೀಸೆ ಹಿಡಿದು ಕೂರುತ್ತಾರೆ. ಅವರ ನಾಲಿಗೆ ದಪ್ಪವಾದಾಗ ಕರೆಯಲು ಯಾರೂ ಇರುವುದಿಲ್ಲ. ಸರ್‌ಗೆ ಹೇಳಿದರೆ ಈಗಷ್ಟೇ ಕೊಟ್ಟ ಸೂಜಿಯನ್ನು ಅವರು ಕಿತ್ತುಕೊಳ್ಳುತ್ತಾರೆ, ಕಿತ್ತುಕೊಳ್ಳುವುದು ಸರಿಯೂ ಹೌದು. ಸರಿಯಾದದ್ದಕ್ಕೆ ತಲೆಬಾಗುವಷ್ಟು ದೊಡ್ಡ ಮನಸ್ಸು ಈ ಬೆಳಿಗ್ಗೆ ಅವಳಲ್ಲಿರಲಿಲ್ಲ.

ಉಳಿದದ್ದು ಅಮ್ಮ. ಸಂಜೆ ಹೋದ ಕೂಡಲೇ ಉಳುಕು ಹೇಗಿದೆ ಎಂದು ಕೇಳುತ್ತಾಳೆ. ನಿಜ ಹೇಳಬೇಕೆಂದರೆ, ನೀನು ನೀವುತ್ತಿದ್ದಾಗ ನನಗೆ ಏನೂ ಗೊತ್ತಾಗುತ್ತಿರಲಿಲ್ಲ ಎಂದೂ ಹೇಳಬೇಕಾಗುತ್ತದೆ. ಅದನ್ನು ಯಾವ ಪದದಲ್ಲಿ ಹೇಳುವುದು ಎಂದು ಅವಳು ಯೋಚಿಸಿದಳು. ಒಂದೊಂದೇ ಪದವನ್ನು ಎತ್ತಿ ನೋಡಿದಳು. ಯಾವುದೂ ಸರಿಹೋಗಲಿಲ್ಲ.

ಕಿರುಬೆರಳಿನ ಅಂಚನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ತಣ್ಣಗಿದೆ ಎಂದು ಉಳಿದ ಬೆರಳುಗಳು ಹೇಳಿದವು, ಅದು ಮಾತ್ರ ಅರ್ಧ ಹೇಳಿತು. ಹೊರಗೆ ಮೊದಲ ರೋಗಿಯ ಮಂಚ ಕಿರುಗುಡುತ್ತ ಬರುತ್ತಿತ್ತು. ಯಾರಿಗೂ ಹೇಳುವುದು ಬೇಡ ಎಂದು ತೀರ್ಮಾನಿಸಿ, ತೋಳನ್ನು ಮಣಿಕಟ್ಟಿನ ಕೆಳಗಿನವರೆಗೂ ಎಳೆದುಕೊಂಡು, ಅವಳು ನಲ್ಲಿ ನಿಲ್ಲಿಸಿದಳು.